ಸರ್ಕಾರಿ ಸೇವೆಯ ಆಯ್ಕೆ: ಒಂದು ಸಂವಾದ

ಮುಲುಂಡಿನ ಪಶ್ಚಿಮ ಭಾಗದಲ್ಲಿ, ಕಾಳಿದಾಸ ನಾಟ್ಯಗೃಹಕ್ಕೆ ಅನತಿ ದೂರದಲ್ಲಿ, ಒಂದೇ ಕಟ್ಟಡದಲ್ಲಿ ವಾಸಮಾಡುವ ಇಬ್ಬರು ವಯೋವೃದ್ಧ ಕನ್ನಡಿಗರ ಸಂಭಾಷಣೆಯಿದು. ಒಬ್ಬರು ಧಾರವಾಡದ ಕಡೆಯವರು. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಬಹುಕಾಲ ದುಡಿದು ನಿವೃತ್ತರಾದವರು. ನೆರೆಹೊರೆಯವರ ಬಾಯಲ್ಲಿ ಅವರು ರಾಯರು. ಇನ್ನೊಬ್ಬರು ದಕ್ಷಿಣ ಕನ್ನಡದವರು. ಹಗಲು ಹೋಟೆಲುಗಳಲ್ಲಿ ಲೋಟ ತೊಳೆದು ಇರುಳು ಪುಸ್ತಕ ಹಿಡಿಯುತ್ತಿದ್ದ ಹುಡುಗರಿಗೆ ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆಯಲ್ಲಿ ಪಾಠ ಹೇಳಿದವರು. ಆದುದರಿಂದ ಅವರು ಎಲ್ಲರಿಗೂ ಮಾಸ್ತರು. ರಾಯರ ಮೊಮ್ಮಗಳು ಠಾಣೆಯಲ್ಲಿರುವ, ಚಿಂತಾಮಣರಾವ್ ದೇಶಮುಖರ ಹೆಸರಿನ ಆಡಳಿತ ತರಬೇತಿ ಸಂಸ್ಥೆಯನ್ನು ಸೇರಿದ ಸುದ್ದಿ ಅಂದಿನ ಮಾತಿಗೆ ನಿಮಿತ್ತವಾಯಿತು.

ಮಾಸ್ತರು: ಹುಡುಗಿ ಪರೀಕ್ಷೆಗೆ ಕೂಡುವಳೆಂಬುದು ಸಂತೋಷದ ವಿಷಯ, ರಾಯರೇ. ಆದರೆ ಬಹುಕಾಲದಿಂದ ನನ್ನ ಮನಸ್ಸಿನಲ್ಲಿ ಒಂದು ಸಂಶಯವಿದೆ. ಲಕ್ಷಾಂತರ ತರುಣರು ತಮ್ಮ ಯೌವನದ ಉತ್ತಮ ವರ್ಷಗಳನ್ನು ಧಾರೆಯೆರೆದು, ಸಾವಿರಕ್ಕೆ ಒಬ್ಬರೋ ಇಬ್ಬರೋ ಆಯ್ಕೆಯಾಗಿ, ಉಳಿದವರೆಲ್ಲರೂ ಬರಿಗೈಯಲ್ಲಿ ಹಿಂದಿರುಗುವ ಈ ಪದ್ಧತಿಯನ್ನು ನಾವು ನ್ಯಾಯದ ಪರಮಾವಧಿಯೆಂದು ನಂಬಿಕೊಂಡಿರುವುದು ಸರಿಯೆ?

ರಾಯರು: ಪರಮಾವಧಿಯೆಂದು ನಾನು ಹೇಳಲಾರೆ. ಆದರೆ ಪರೀಕ್ಷೆಗೆ ಮೊದಲು ಏನಿತ್ತೆಂಬುದನ್ನು ಬಲ್ಲವನು ಪರೀಕ್ಷೆಯನ್ನು ಅಷ್ಟು ಸುಲಭವಾಗಿ ನಿಂದಿಸಲಾರ. ನಮ್ಮ ಮನೆತನದಲ್ಲಿ ಕುಲಕರ್ಣಿಕಿಯ ವತನವಿದ್ದಿತು. ಊರಿನ ಲೆಕ್ಕ ಬರೆಯುವ ಅಧಿಕಾರವು ಹೊಲಮನೆಗಳಂತೆಯೇ ತಂದೆಯಿಂದ ಮಗನಿಗೆ ಇಳಿದುಬರುತ್ತಿತ್ತು. ಮಗನಿಗೆ ಲೆಕ್ಕ ಬರುತ್ತದೆಯೆ ಇಲ್ಲವೆ ಎಂಬುದು ಎರಡನೆಯ ಮಾತು. ಭಾವುಬಂದರು ಹೆಚ್ಚಾದಂತೆ ಅಧಿಕಾರವೂ ಪಾಲಾಗಿ, ಪಾಳಿಯ ಪ್ರಕಾರ ನಡೆಯುತ್ತಿತ್ತು. ಮುಂಬಯಿ ಸರ್ಕಾರ 1874ರಲ್ಲಿ ಆನುವಂಶಿಕ ಹುದ್ದೆಗಳಿಗಾಗಿಯೇ ಒಂದು ಶಾಸನ ಮಾಡಿ ಈ ಗೊಂದಲಕ್ಕೆ ಕಟ್ಟು ಹಾಕಿತೇ ಹೊರತು ಹಕ್ಕನ್ನು ಕೀಳಲಿಲ್ಲ. ಪರಗಣೆ ಮತ್ತು ಕುಲಕರ್ಣಿ ವತನಗಳು ರದ್ದಾದದ್ದು 1950ರ ಶಾಸನದಿಂದ. ಆಗ ನಮ್ಮೂರ ಚಾವಡಿಗೆ ಸಂಬಳದ ತಲಾಠಿ ಬಂದ. ಮೈಸೂರು ರಾಜ್ಯದಲ್ಲಿ ಪಟೇಲ ಶ್ಯಾನುಭೋಗರ ವಂಶಪಾರಂಪರ್ಯ ಮುಗಿದದ್ದು ಇನ್ನೂ ತಡವಾಗಿ, 1961ರ ಕಾಯಿದೆ 1963ರಲ್ಲಿ ಜಾರಿಗೆ ಬಂದ ಮೇಲೆ. ಅಂದರೆ, ರಾಜ್ಯದ ಶಿಖರದಲ್ಲಿ ಪರೀಕ್ಷೆ ಬಂದು ಒಂದು ಶತಮಾನ ಕಳೆದರೂ ಬುಡದಲ್ಲಿ ಹುಟ್ಟೇ ಅರ್ಹತೆಯಾಗಿತ್ತು.

ಮಾಸ್ತರು: ಹಿಂದಿನವರು ಯಾರನ್ನೂ ಪರೀಕ್ಷಿಸಲಿಲ್ಲವೆನ್ನುವಿರಾ? ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಮಾತ್ಯರನ್ನು ಧರ್ಮ, ಅರ್ಥ, ಕಾಮ, ಭಯಗಳೆಂಬ ನಾಲ್ಕು ಉಪಧೆಗಳಿಂದ ಗುಟ್ಟಾಗಿ ಶೋಧಿಸಬೇಕೆಂದು ವಿಧಿಸಿದೆ. ಧರ್ಮೋಪಧೆಯಲ್ಲಿ ಗೆದ್ದವನನ್ನು ನ್ಯಾಯಸ್ಥಾನಕ್ಕೂ, ಧನದ ಆಸೆಗೆ ಸೋಲದವನನ್ನು ಕಂದಾಯ ಬೊಕ್ಕಸಗಳಿಗೂ ನೇಮಿಸಬೇಕೆಂದು ಆತನ ಮತ. ಈಗಿನ ಪರೀಕ್ಷೆ ಅಭ್ಯರ್ಥಿಗೆ ಏನು ಗೊತ್ತೆಂದು ಕೇಳುತ್ತದೆ. ಕೌಟಿಲ್ಯ ಕೇಳಿದ್ದು ಹಣದ ಚೀಲ ಮುಂದಿಟ್ಟಾಗ ಅವನು ಏನು ಮಾಡುವನೆಂದು. ಬೊಕ್ಕಸ ಕಾಯುವವನ ವಿಷಯದಲ್ಲಿ ಯಾವ ಪ್ರಶ್ನೆ ಹೆಚ್ಚು ಮುಖ್ಯ?

ರಾಯರು: ಪ್ರಶ್ನೆ ಸೊಗಸಾಗಿದೆ. ಆದರೆ ಉತ್ತರಪತ್ರಿಕೆಯನ್ನು ನೋಡುವವರು ಗೂಢಚಾರರು. ಫಲಿತಾಂಶ ರಾಜನ ಕಿವಿಗೆ ಮಾತ್ರ. ಅನುತ್ತೀರ್ಣನಾದವನು ಮೇಲ್ಮನವಿ ಸಲ್ಲಿಸುವುದೆಲ್ಲಿ? ಶೀಲವನ್ನು ಪರೀಕ್ಷಿಸುತ್ತೇವೆಂದು ಹೊರಟ ಪದ್ಧತಿಗಳೆಲ್ಲ ಕೊನೆಗೆ ಪರೀಕ್ಷಿಸುವವನ ಅಭಿರುಚಿಗೆ ಶರಣಾದುವು. ಈಸ್ಟ್ ಇಂಡಿಯಾ ಕಂಪನಿಯ ಕಥೆಯೂ ಇದೇ. ಡೈರೆಕ್ಟರರು ತಮ್ಮ ಬಂಧುಮಿತ್ರರ ಮಕ್ಕಳನ್ನು ಹೆಸರಿಸಿ ಕಳುಹಿಸುತ್ತಿದ್ದರು. 1806ರಿಂದ ಆ ಹುಡುಗರಿಗೆ ಹೇಲಿಬರಿಯ ಕಾಲೇಜಿನಲ್ಲಿ ಒಂದಿಷ್ಟು ವಿದ್ಯೆಯ ಲೇಪ ಹಚ್ಚುವ ಏರ್ಪಾಡಾಯಿತೇ ವಿನಾ ಹೆಸರಿಸುವ ಹಕ್ಕು ಡೈರೆಕ್ಟರರಲ್ಲಿಯೇ ಉಳಿಯಿತು. ಆ ಹಕ್ಕನ್ನು 1853ರ ಸನ್ನದು ಕಾಯಿದೆ ಕಿತ್ತುಕೊಂಡು, ಮೆಕಾಲೆಯ ಸಮಿತಿ ಮರುವರ್ಷ ವರದಿಯಿತ್ತು, 1855ರಲ್ಲಿ ಲಂಡನ್ನಿನಲ್ಲಿ ಮೊದಲನೆಯ ಮುಕ್ತ ಸ್ಪರ್ಧೆ ನಡೆಯಿತು. ಚೀನಾ ದೇಶದವರು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷ ಹಿಂದೆ ಸುಯಿ ವಂಶದ ಕಾಲದಲ್ಲಿ ಆರಂಭಿಸಿ 1905ರವರೆಗೆ ನಡೆಸಿದ ವ್ಯವಸ್ಥೆಯ ತತ್ತ್ವವನ್ನು ಇಂಗ್ಲಿಷರು ಆಗ ಕಲಿತರೆನ್ನಬಹುದು. ಅಮೆರಿಕನ್ನರು ಕಲಿತದ್ದು ಇನ್ನೂ ತಡವಾಗಿ: ಹುದ್ದೆ ಸಿಕ್ಕದ ಒಬ್ಬ ಅರ್ಜಿದಾರ 1881ರಲ್ಲಿ ಅಧ್ಯಕ್ಷ ಗಾರ್ಫೀಲ್ಡನನ್ನೇ ಗುಂಡಿಟ್ಟು ಕೊಂದ ಮೇಲೆ, 1883ರ ಪೆಂಡಲ್ಟನ್ ಶಾಸನದಿಂದ.

ಮಾಸ್ತರು: ಮುಕ್ತ ಸ್ಪರ್ಧೆಯೆಂದಿರಲ್ಲ, ಅದು ಯಾರಿಗೆ ಮುಕ್ತವಾಗಿತ್ತು? ಮೆಕಾಲೆಯ ಪಟ್ಟಿಯಲ್ಲಿ ಗ್ರೀಕ್ ಭಾಷೆಗೆ 750 ಅಂಕ, ಲ್ಯಾಟಿನ್ನಿಗೆ 750. ಸಂಸ್ಕೃತಕ್ಕೆ 375, ಅರಬ್ಬಿಗೆ 375. ಕನ್ನಡ ಮರಾಠಿಗಳ ಮಾತು ಬಿಡಿ. ಪರೀಕ್ಷೆಗೆ ಸಮುದ್ರ ದಾಟಿ ಹೋಗಬೇಕು. ಹೋಗಿ ಬಂದವನು ಜಾತಿಯಲ್ಲಿ ಉಳಿಯುವನೋ ಇಲ್ಲವೋ ಎಂಬುದು ಇನ್ನೊಂದು ಪರೀಕ್ಷೆ. ಅಷ್ಟಾಗಿಯೂ ಕೆಲವರು ಗೆಲ್ಲತೊಡಗಿದಾಗ, 1878ರಲ್ಲಿ ವಯಸ್ಸಿನ ಮಿತಿಯನ್ನು ಹತ್ತೊಂಬತ್ತಕ್ಕೆ ಇಳಿಸಿದರು. ಹತ್ತೊಂಬತ್ತು ತುಂಬುವುದರೊಳಗೆ ಧಾರವಾಡದ ಅಥವಾ ಮಂಗಳೂರಿನ ಹುಡುಗನೊಬ್ಬ ಲಂಡನ್ನಿಗೆ ಹೋಗಿ ಆಂಗ್ಲ ಕುಲೀನರ ಮಕ್ಕಳ ಸಂಗಡ ಗ್ರೀಕ್ ಕಾವ್ಯಕ್ಕೆ ಟೀಕೆ ಬರೆಯಬೇಕಾಗಿದ್ದಿತು!

ರಾಯರು: ಸತ್ಯ. ಆದರೂ ಒಬ್ಬ ಭಾರತೀಯ 1863ರಲ್ಲೇ ಆ ಕೋಟೆಯನ್ನು ಹೊಕ್ಕನಷ್ಟೆ? ಸತ್ಯೇಂದ್ರನಾಥ ಠಾಕೂರರು ಬಂಗಾಳದವರಾದರೂ ಅವರ ಸೇವೆಯೆಲ್ಲ ನಡೆದದ್ದು ಮುಂಬಯಿ ಪ್ರಾಂತದಲ್ಲಿ. ನಮ್ಮ ಕಾರವಾರದಲ್ಲಿ ಅವರು ಜಿಲ್ಲಾ ನ್ಯಾಯಾಧೀಶರಾಗಿದ್ದಾಗಲೇ ತಮ್ಮ ರವೀಂದ್ರನಾಥರು ಬಂದು ಅಲ್ಲಿ ತಂಗಿ, ‘ಪ್ರಕೃತಿರ ಪ್ರತಿಶೋಧ’ವೆಂಬ ನಾಟಕವನ್ನು ಬರೆದದ್ದು. ಇನ್ನು ನಿಮ್ಮ ಜಿಲ್ಲೆಯ ಬೆನಗಲ್ ಸಹೋದರರು: ನರಸಿಂಗರಾಯರು ಅದೇ ಪರೀಕ್ಷೆಯಲ್ಲಿ ಗೆದ್ದು, ಮುಂದೆ ಸಂವಿಧಾನ ಸಭೆಯ ಸಲಹೆಗಾರರಾದರು, ರಾಮರಾಯರೂ ಅದೇ ಸೇವೆಯಿಂದ ಬಂದು 1949ರಿಂದ 1957ರವರೆಗೆ ನಮ್ಮ ಈ ಮುಂಬಯಿಯಲ್ಲೇ ರಿಸರ್ವ್ ಬ್ಯಾಂಕಿನ ಗವರ್ನರಾಗಿದ್ದರು. ಅವರಿಗಿಂತ ಮೊದಲು ಆ ಪೀಠದಲ್ಲಿದ್ದ ದೇಶಮುಖರು 1918ರ ಐ.ಸಿ.ಎಸ್. ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಪಡೆದವರು. ಇನ್ನೊಂದು ಮಾತನ್ನು ಗಮನಿಸಿ. ವಯಸ್ಸಿನ ಮಿತಿ ಅನ್ಯಾಯವೆಂದು ನಮ್ಮವರು ಹೋರಾಡಿ 1892ರ ಹೊತ್ತಿಗೆ ಅದನ್ನು ಇಪ್ಪತ್ತಮೂರಕ್ಕೆ ಏರಿಸಿದರು. ಪರೀಕ್ಷೆ ಭಾರತದಲ್ಲಿಯೂ ನಡೆಯಬೇಕೆಂದು ದಶಕಗಳ ಕಾಲ ವಾದಿಸಿ 1922ರಲ್ಲಿ ಅಲಹಾಬಾದಿಗೆ ಅದನ್ನು ತಂದರು. ಹಾಗೆ ಹೋರಾಡಲು ಸಾಧ್ಯವಾದದ್ದೇಕೆ? ಪರೀಕ್ಷೆಯ ನಿಯಮಗಳು ಅಚ್ಚಾಗಿ ಎಲ್ಲರ ಕಣ್ಣೆದುರಿಗಿದ್ದುವು. ಕೃಪಾಶ್ರಯಕ್ಕೆ ನಿಯಮವಿಲ್ಲ, ಆದುದರಿಂದ ಅದರ ನಿಯಮ ತಪ್ಪೆಂದು ವಾದಿಸುವ ಅವಕಾಶವೂ ಇಲ್ಲ.

ಮಾಸ್ತರು: ಈ ಮಾತನ್ನು ಒಪ್ಪಿದೆ. ಆದರೆ ಅಚ್ಚಾದ ನಿಯಮವನ್ನು ಓದಬಲ್ಲವರು ಯಾರು ಎಂಬುದೇ ನನ್ನ ಪ್ರಶ್ನೆ. ಅದಕ್ಕೆ ಉತ್ತರ ಬೇಕಾದರೆ ಲಂಡನ್ನನ್ನು ಬಿಟ್ಟು ಮೈಸೂರಿಗೆ ಬನ್ನಿ.

ರಾಯರು: ಬರುತ್ತೇನೆ, ಆದರೆ ನಮ್ಮ ಮುಂಬಯಿ ಪ್ರಾಂತದ ಮೂಲಕವೇ ಬರುತ್ತೇನೆ. ಏಕೆಂದರೆ ಮೈಸೂರಿನ ಸರ್ವೋತ್ತಮ ಅಧಿಕಾರಿಯನ್ನು ಮೊದಲು ಗುರುತಿಸಿದ್ದು ಮುಂಬಯಿ ಸರ್ಕಾರದ ಪರೀಕ್ಷೆ. ಪುಣೆಯ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗನಾದವನಿಗೆ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಎಂಜಿನಿಯರನ ಹುದ್ದೆ ಖಚಿತವೆಂಬ ನಿಯಮವಿತ್ತು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1883ರಲ್ಲಿ ಮೊದಲಿಗರಾದರು. 1884ರಲ್ಲಿ ಹುದ್ದೆ ಅವರ ಕೈಗೆ ಬಂತು. ಯಾರ ಮನೆಯ ಬಾಗಿಲನ್ನೂ ಅವರು ಕಾಯಬೇಕಾಗಲಿಲ್ಲ. ಮುಖ್ಯ ಎಂಜಿನಿಯರನ ಪದವಿಗೆ ಭಾರತೀಯನನ್ನು ಏರಿಸುವ ವಾಡಿಕೆ ಅಂದು ಇರಲಿಲ್ಲವಾಗಿ 1908ರಲ್ಲಿ ಆ ಸೇವೆಯನ್ನು ಬಿಟ್ಟರು. ಮರುವರ್ಷ ಮೈಸೂರಿನ ಮುಖ್ಯ ಎಂಜಿನಿಯರರಾದರು, 1912ರಲ್ಲಿ ದಿವಾನರಾದರು. ಪರೀಕ್ಷೆ ತೆರೆದ ಬಾಗಿಲನ್ನು ವರ್ಣಭೇದ ಮುಚ್ಚಿತು, ದೋಷ ಪರೀಕ್ಷೆಯದಲ್ಲ.

ಮಾಸ್ತರು: ಕಥೆಯ ಅರ್ಧವನ್ನು ಹೇಳಿದಿರಿ. ತಂದೆಯಿಲ್ಲದ ಆ ಹುಡುಗ ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು ಬಿ.ಎ. ಮುಗಿಸಿದ ಮೇಲೆ ಪುಣೆಗೆ ಹೋಗಿ ಓದಿದ್ದು ಯಾರ ಹಣದಿಂದ? ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ. ಆ ವೇತನ ದೊರೆಯದಿದ್ದರೆ ಮುಂಬಯಿಯ ನಿಯಮ ಎಷ್ಟು ನಿರ್ಮಲವಾಗಿದ್ದರೂ ಅದು ಇನ್ನಾರನ್ನೋ ಗುರುತಿಸುತ್ತಿತ್ತು, ವಿಶ್ವೇಶ್ವರಯ್ಯನವರನ್ನಲ್ಲ. ಮೊದಲು ಕೈಹಿಡಿದು ನಡೆಸಿದವರೊಬ್ಬರು, ಆಮೇಲೆ ಆರಿಸಿದವರೊಬ್ಬರು. ನಾವು ಎರಡನೆಯವರನ್ನು ಮಾತ್ರ ಸ್ಮರಿಸುತ್ತೇವೆ.

ರಾಯರು: ಮಾಸ್ತರೇ, ಈ ದೃಷ್ಟಿಯಿಂದ ನಾನು ಆ ಚರಿತ್ರೆಯನ್ನು ಓದಿರಲಿಲ್ಲ. ಮುಂದೆ ಹೇಳಿ.

ಮಾಸ್ತರು: ಶೇಷಾದ್ರಿ ಅಯ್ಯರರ ದಿವಾನಗಿರಿಯಲ್ಲಿ, 1891ರಲ್ಲಿ, ಮೈಸೂರು ಸಿವಿಲ್ ಸರ್ವಿಸಿಗೆ ಸ್ಪರ್ಧಾ ಪರೀಕ್ಷೆ ಆರಂಭವಾಯಿತು. ಅದು ಸಮರ್ಥರನ್ನು ಕೊಟ್ಟಿತೆಂಬುದರಲ್ಲಿ ಸಂದೇಹವಿಲ್ಲ. ಮಾಸ್ತಿಯವರಂಥವರು ಅದರಲ್ಲಿ ಗೆದ್ದು ಬಂದವರೇ. ಅಮಲ್ದಾರನೊಬ್ಬ ಹಳ್ಳಿಗಾಡಿನಲ್ಲಿ ಏನು ಮಾಡಬಲ್ಲವನಾಗಿದ್ದನೆಂಬುದನ್ನು ನವರತ್ನ ರಾಮರಾಯರ ‘ಕೆಲವು ನೆನಪುಗಳು’ ಓದಿದವರು ಬಲ್ಲರು. ಆದರೆ ಗೆದ್ದವರ ಪಟ್ಟಿಯನ್ನು ನೋಡಿದಾಗ ಎರಡು ಬಗೆಯ ಅಸಮಾಧಾನ ಹುಟ್ಟಿತು. ಮೊದಲನೆಯದು, ಮದರಾಸಿನಿಂದ ಬಂದವರು ಮೈಸೂರಿನ ಹುದ್ದೆಗಳನ್ನು ತುಂಬಿದರೆಂಬುದು. ಎರಡನೆಯದು ಹೆಚ್ಚು ಆಳವಾದದ್ದು: ಮದರಾಸಿನವನಾಗಲಿ ಮೈಸೂರಿನವನಾಗಲಿ, ಗೆದ್ದವನು ಬಹುಮಟ್ಟಿಗೆ ಒಂದೇ ವರ್ಣದವನು. ಒಕ್ಕಲಿಗ, ಲಿಂಗಾಯತ, ಮುಸಲ್ಮಾನ ಮುಖಂಡರು 1917ರಲ್ಲಿ ಪ್ರಜಾಮಿತ್ರ ಮಂಡಲಿಯನ್ನು ಕಟ್ಟಿ ನಾಲ್ವಡಿ ಕೃಷ್ಣರಾಜ ಒಡೆಯರಲ್ಲಿಗೆ ಬಿನ್ನಹ ಒಯ್ದರು. ಮಹಾರಾಜರು 1918ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ಏಳು ವರ್ಷಗಳಿಗೆ ಮೀರದ ಅವಧಿಯಲ್ಲಿ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆಯೂ ಕೆಳಗಿನವುಗಳಲ್ಲಿ ಮೂರನೆಯ ಎರಡು ಪಾಲಿಗೆ ಕಡಿಮೆಯಿಲ್ಲದಂತೆಯೂ ಬ್ರಾಹ್ಮಣೇತರರು ಇರಬೇಕೆಂದೂ, ಅರ್ಹರು ದೊರೆತಲ್ಲಿ ದಲಿತ ವರ್ಗಗಳಿಗೆ ಆದ್ಯತೆಯಿರಬೇಕೆಂದೂ ಆ ಸಮಿತಿ ಶಿಫಾರಸು ಮಾಡಿತು.

ರಾಯರು: ಆ ಮಾರ್ಗವನ್ನು ಒಪ್ಪದ ವಿಶ್ವೇಶ್ವರಯ್ಯನವರು ಆ ವರ್ಷದ ಕೊನೆಯಲ್ಲಿ ದಿವಾನಗಿರಿಯನ್ನು ಬಿಟ್ಟರು. ಅವರ ಆಕ್ಷೇಪ ಕೇವಲ ಸ್ವಜಾತಿಯ ಪಕ್ಷಪಾತವೆಂದು ಹೇಳುವವರು ಅವರಿಗೆ ಅನ್ಯಾಯ ಮಾಡುತ್ತಾರೆ. ಮೊದಲು ವಿದ್ಯೆ ಹರಡಲಿ, ಹುದ್ದೆಗಳು ಅದರ ಹಿಂದೆ ತಾವಾಗಿ ಬರುವುವು. ಹುದ್ದೆಗೆ ಕೌಶಲವೊಂದೇ ಮಾನದಂಡವಾಗಿರಲಿ ಎಂಬುದು ಅವರ ನಿಲುವು. ಹಿಂದುಳಿದವರ ಮಕ್ಕಳಿಗೆ ವಿದ್ಯಾರ್ಥಿವೇತನಗಳನ್ನು ಹೆಚ್ಚಿಸಿದ್ದೂ ಅವರ ಕಾಲದಲ್ಲಿಯೇ.

ಮಾಸ್ತರು: ನಾನು ಅವರ ಪ್ರಾಮಾಣಿಕತೆಯನ್ನು ಶಂಕಿಸುತ್ತಿಲ್ಲ. ಆದರೆ ಹುದ್ದೆಯ ಆಸೆಯೇ ಇಲ್ಲದ ಮನೆಯವರು ಮಗನನ್ನು ಹೊಲದಿಂದ ಬಿಡಿಸಿ ಶಾಲೆಗೆ ಏಕೆ ಕಳುಹಿಸಿಯಾರು? ತಮ್ಮ ಜಾತಿಯವನೊಬ್ಬ ಅಮಲ್ದಾರನಾಗಿ ಕುದುರೆಯೇರಿ ಬಂದುದನ್ನು ಕಂಡ ಹಳ್ಳಿಯಲ್ಲಿ ಮರುವರ್ಷ ಶಾಲೆಗೆ ಹತ್ತು ಮಕ್ಕಳು ಹೆಚ್ಚು ಸೇರುತ್ತಾರೆ. ವಿದ್ಯೆ ಹುದ್ದೆಯನ್ನು ತರುವಂತೆ ಹುದ್ದೆಯೂ ವಿದ್ಯೆಯನ್ನು ತರುತ್ತದೆ. ಇದನ್ನು ನಮ್ಮ ನೆರೆಯ ಕೊಲ್ಲಾಪುರದ ಶಾಹು ಮಹಾರಾಜರು ಇನ್ನೂ ಮೊದಲೇ ಕಂಡುಕೊಂಡಿದ್ದರು. 1902ರ ಜುಲೈ 26ರ ಆಜ್ಞೆಯಿಂದ ತಮ್ಮ ಸಂಸ್ಥಾನದಲ್ಲಿ ತೆರವಾಗುವ ಹುದ್ದೆಗಳಲ್ಲಿ ನೂರಕ್ಕೆ ಐವತ್ತನ್ನು ಹಿಂದುಳಿದವರಿಗೆ ಕಾದಿರಿಸಿದರು. ಅವರು ಹುದ್ದೆ ಕಾದಿರಿಸಿದ್ದಷ್ಟೇ ಅಲ್ಲ, ಜಾತಿಜಾತಿಯ ಮಕ್ಕಳಿಗೆ ವಸತಿಗೃಹಗಳನ್ನೂ ಕಟ್ಟಿಸಿದರು. ವಾದಗಳೆರಡೂ ಅಲ್ಲಿ ಒಂದೇ ಕಾರ್ಯದಲ್ಲಿ ಸೇರಿಕೊಂಡುವು.

ರಾಯರು: ಸಂವಿಧಾನ ಮಾಡಿದವರೂ ಎರಡನ್ನೂ ಸೇರಿಸಿಯೇ ಬರೆದರಲ್ಲವೆ? ಹದಿನಾರನೆಯ ಅನುಚ್ಛೇದದ ನಾಲ್ಕನೆಯ ಖಂಡ ಹಿಂದುಳಿದವರಿಗೆ ಹುದ್ದೆ ಕಾದಿರಿಸಲು ಅನುಮತಿ ಕೊಡುತ್ತದೆ. ಮುನ್ನೂರ ಮೂವತ್ತೈದನೆಯದು ಆಡಳಿತದ ದಕ್ಷತೆಯನ್ನು ಜ್ಞಾಪಿಸುತ್ತದೆ. ಮುನ್ನೂರ ಹದಿನೈದನೆಯದು ಲೋಕಸೇವಾ ಆಯೋಗಗಳನ್ನು ಸ್ಥಾಪಿಸುತ್ತದೆ. ಆಯೋಗದ ಬೀಜ 1926ರಲ್ಲಿ ಸರ್ ರಾಸ್ ಬಾರ್ಕರರ ಅಧ್ಯಕ್ಷತೆಯಲ್ಲಿ ಬಿತ್ತಿದ್ದು, ಮುಂಬಯಿ ಮತ್ತು ಸಿಂಧ್ ಪ್ರಾಂತಗಳಿಗೆ ಸೇರಿ ಒಂದು ಆಯೋಗ 1937ರಲ್ಲಿ ಬಂದಿತು, ಮೈಸೂರಿಗೆ 1951ರಲ್ಲಿ. ಆದರೆ ಆಯ್ಕೆಯ ಮೂಲಕ ಸೇವೆ ಸೇರಿದವರ ತೊಡಕು ಅಲ್ಲಿಗೇ ಮುಗಿಯಲಿಲ್ಲ. 1956ರ ನವೆಂಬರ್ 1ರಂದು ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳು ಮುಂಬಯಿ ರಾಜ್ಯದಿಂದ ಮೈಸೂರಿಗೆ ಹೋದಾಗ ನೌಕರರನ್ನೂ ಹಂಚಿದರು. ಪುನರ್ವಿಂಗಡಣಾ ಕಾಯಿದೆಯ ನೂರ ಹದಿನೈದನೆಯ ಪ್ರಕರಣ ಅವರ ಸೇವಾನಿಯಮಗಳಿಗೆ ರಕ್ಷಣೆಯಿತ್ತಿತ್ತು. ಆದರೂ ಮುಂಬಯಿಯ ಪರೀಕ್ಷೆ ಪಾಸಾದವನು, ಹೈದರಾಬಾದಿನಿಂದ ಬಂದವನು, ಹಳೆಯ ಮೈಸೂರಿನವನು, ಇವರಲ್ಲಿ ಹಿರಿಯ ಯಾರೆಂಬ ವ್ಯಾಜ್ಯ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ನಡೆಯಿತು. ನನಗೆ ಮೊದಲು ಕೆಲಸ ಕಲಿಸಿದ ಹಿರಿಯರ ಗೆಳೆಯರನೇಕರು ಹಾಗೆ ಬೆಂಗಳೂರಿಗೆ ಹೋದರು. ಅವರ ಪತ್ರಗಳ ತುಂಬ ಜ್ಯೇಷ್ಠತಾಪಟ್ಟಿಯ ಮಾತೇ!

ಮಾಸ್ತರು: ಕಾದಿರಿಸುವಿಕೆಯ ವ್ಯಾಜ್ಯವೂ ಮೈಸೂರಿನಿಂದಲೇ ದೇಶಕ್ಕೆಲ್ಲ ಹರಡಿತು. ನಾಗನಗೌಡ ಸಮಿತಿಯ ವರದಿಯನ್ನು ಅನುಸರಿಸಿ ಕಾಲೇಜು ಪ್ರವೇಶದಲ್ಲಿ ನೂರಕ್ಕೆ ಅರವತ್ತೆಂಟು ಸ್ಥಾನ ಕಾದಿರಿಸಿದ ಆಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯ 1962ರಲ್ಲಿ, ಬಾಲಾಜಿ ಪ್ರಕರಣದಲ್ಲಿ, ರದ್ದುಮಾಡಿ ಐವತ್ತರ ಮಿತಿಯ ಮಾತನ್ನು ಎತ್ತಿತು. ಆಮೇಲೆ ಹಾವನೂರರ ಆಯೋಗ 1972ರಿಂದ 1975ರವರೆಗೆ ರಾಜ್ಯವನ್ನೆಲ್ಲ ಸುತ್ತಿ, ಹೆಸರೂ ಕೇಳದಿದ್ದ ಸಣ್ಣ ಸಣ್ಣ ಸಮುದಾಯಗಳ ಸ್ಥಿತಿಯನ್ನು ದಾಖಲಿಸಿತು. ಮಿಲ್ಲರ್ ಸಮಿತಿ ‘ಬ್ರಾಹ್ಮಣೇತರ’ರೆಂದು ಒಟ್ಟಾಗಿ ಕರೆದ ಗುಂಪಿನೊಳಗೇ ಮುಂದಿದ್ದವರು, ಹಿಂದಿದ್ದವರು ಇದ್ದರೆಂಬುದನ್ನು ಒಪ್ಪಲು ನಮಗೆ ಅರ್ಧ ಶತಮಾನ ಬೇಕಾಯಿತು.

ರಾಯರು: ಅದನ್ನು ನೀವೇ ಹೇಳಿದ್ದು ಒಳ್ಳೆಯದಾಯಿತು. ಕಾದಿರಿಸಿದ ಹುದ್ದೆಗೂ ಪರೀಕ್ಷೆ ಬೇಡವೆಂದರೆ, ಆ ಸಮುದಾಯದೊಳಗಿನ ಪ್ರಬಲನ ಮಗನಿಗೇ ಅದು ಸಲ್ಲುತ್ತದೆ. ವತನ ಬೇರೆ ಹೆಸರಿನಲ್ಲಿ ಹಿಂದಿರುಗುತ್ತದೆ. ಆದುದರಿಂದಲೇ ಲಿಖಿತ ಪರೀಕ್ಷೆಯನ್ನು ನಾನು ಬಿಡಲಾರೆ. ನನಗೆ ಭಯವಿರುವುದು ಸಂದರ್ಶನದ ವಿಷಯದಲ್ಲಿ. ಬರಹದಲ್ಲಿ ಅಭ್ಯರ್ಥಿಗೆ ಹೆಸರಿಲ್ಲ, ಊರಿಲ್ಲ. ಸಂದರ್ಶನದಲ್ಲಿ ಅವನ ಉಡುಪು, ಉಚ್ಚಾರಣೆ, ಕುಲನಾಮ ಎಲ್ಲವೂ ಮೇಜಿನ ಮುಂದೆ ಬಂದು ಕೂಡುತ್ತವೆ. ಕೇಂದ್ರ ಆಯೋಗದ ಪರೀಕ್ಷೆಯಲ್ಲಿ 2013ರಿಂದ ಒಟ್ಟು 2025 ಅಂಕಗಳಲ್ಲಿ ಸಂದರ್ಶನಕ್ಕೆ 275. ಹರಿಯಾಣದ ಅಶೋಕಕುಮಾರ್ ಯಾದವ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1985ರಲ್ಲಿ ನೂರಕ್ಕೆ 12.2ನ್ನು ಮೀರಬಾರದೆಂದು ಹೇಳಿದ್ದಿತು. ಕರ್ನಾಟಕದಲ್ಲಿಯೂ ಆಯ್ಕೆಯ ಬಗ್ಗೆ ದೊಡ್ಡ ಗದ್ದಲವೆದ್ದು, ಆಯೋಗದ ಸುಧಾರಣೆಗಾಗಿ 2013ರಲ್ಲಿ ಹೋಟಾ ಸಮಿತಿಯನ್ನು ನೇಮಿಸಬೇಕಾಯಿತು.

ಮಾಸ್ತರು: ಮೊಮ್ಮಗಳನ್ನು ಮರೆತೇಬಿಟ್ಟೆವು. ಕೊಡಗಿನ ಸಿ. ಬಿ. ಮುತ್ತಮ್ಮನವರ ಹೆಸರನ್ನು ಅವಳಿಗೆ ಹೇಳಿದ್ದೀರಾ? ಸ್ವತಂತ್ರ ಭಾರತದ ಈ ಪರೀಕ್ಷೆಯಲ್ಲಿ 1948ರಲ್ಲಿ ಗೆದ್ದ ಮೊದಲ ಮಹಿಳೆ. ವಿದೇಶಾಂಗ ಸೇವೆಯನ್ನು ಸೇರಿದವರು. ಮದುವೆಯಾಗಬೇಕಾದರೆ ಹೆಣ್ಣುಮಗಳು ಸರ್ಕಾರದ ಅನುಮತಿ ಪಡೆಯಬೇಕು, ಸಂಸಾರದಿಂದ ಕೆಲಸಕ್ಕೆ ಅಡ್ಡಿಯೆಂದು ತೋರಿದರೆ ರಾಜೀನಾಮೆ ಕೊಡಬೇಕು ಎಂಬ ನಿಯಮಗಳಿದ್ದುವು. ಗಂಡಸಿಗೆ ಅಂಥ ಅನುಮತಿಯ ಹಂಗಿರಲಿಲ್ಲ. ಆಕೆ ನ್ಯಾಯಾಲಯಕ್ಕೆ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರರ ತೀರ್ಪು ಆ ನಿಯಮಗಳನ್ನು ಕಟುವಾಗಿ ಖಂಡಿಸಿತು. ಪರೀಕ್ಷೆ ಆಕೆಯನ್ನು ಒಳಗೆ ಬಿಟ್ಟಿತು. ಒಳಗೆ ಹೋದ ಮೇಲೆ ಸಮಾನಳಾಗಿರಲು ಮತ್ತೆ ಮೂವತ್ತು ವರ್ಷದ ಸೇವೆ ಮತ್ತು ಒಂದು ದಾವೆ ಬೇಕಾದುವು.

ರಾಯರು: ಹೇಳಿಲ್ಲ, ಇವತ್ತೇ ಹೇಳುತ್ತೇನೆ. ಅದೇ 1979ರಲ್ಲಿ, ಕೊಠಾರಿ ಸಮಿತಿಯ ಸಲಹೆಯಂತೆ, ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದಾಯಿತು. ಮೆಕಾಲೆಯ ಪಟ್ಟಿಯಿಂದ ಇಲ್ಲಿಗೆ ಬಂದ ದೂರ ಸಣ್ಣದಲ್ಲ.

ಮಾಸ್ತರು: ಸಣ್ಣದಲ್ಲ, ಮುಗಿದದ್ದೂ ಅಲ್ಲ. ಮುಖ್ಯ ಪರೀಕ್ಷೆಗೆ ಮೊದಲು ಪೂರ್ವಭಾವಿ ಪರೀಕ್ಷೆಯಿದೆಯಷ್ಟೆ? ಅದರ ಪ್ರಶ್ನೆಪತ್ರಿಕೆ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಅಚ್ಚಾಗುತ್ತ ಬಂದಿದೆ. ಎರಡನೆಯ ಕೋಣೆಯಲ್ಲಿ ಕನ್ನಡಕ್ಕೆ ಮಣೆ ಹಾಕಿ, ಮೊದಲನೆಯ ಕೋಣೆಯಲ್ಲೇ ಕನ್ನಡ ಮಾತ್ರ ಬಲ್ಲವನನ್ನು ನಿಲ್ಲಿಸಿದಂತಾಯಿತು. ಕೆಳದರ್ಜೆಯ ಹುದ್ದೆಗಳಿಗೆ ಸಿಬ್ಬಂದಿ ನೇಮಕಾತಿ ಆಯೋಗವು 2023ರಲ್ಲಿ ಕನ್ನಡವೂ ಸೇರಿದಂತೆ ಹದಿಮೂರು ಪ್ರಾದೇಶಿಕ ಭಾಷೆಗಳಲ್ಲಿ ಪರೀಕ್ಷೆ ನಡೆಸಲು ಒಪ್ಪಿದ ಮೇಲೆ, ಮೇಲಿನ ಹುದ್ದೆಗಳಿಗೆ ಅದು ಅಸಾಧ್ಯವೆನ್ನಲು ಏನು ಕಾರಣ?

ರಾಯರು: ಕಾರಣ ನನಗೂ ಕಾಣದು. ಹಾಗಾದರೆ ನಮ್ಮ ವಾದ ಎಲ್ಲಿಗೆ ಬಂದು ನಿಂತಿತು? ಕೃಪಾಶ್ರಯವನ್ನು ತಡೆಯಲು ಪರೀಕ್ಷೆ ಬೇಕು. ಇದನ್ನು ನೀವು ಒಪ್ಪಿದಿರಿ. ಪರೀಕ್ಷೆಯ ಕೊಠಡಿಯವರೆಗೆ ಬರಲಾರದವನ ವಿಷಯದಲ್ಲಿ ಪರೀಕ್ಷೆ ಮೂಕವಾಗಿರುತ್ತದೆ. ಇದನ್ನು ನಾನು ಒಪ್ಪಬೇಕಾಯಿತು. ಆಯ್ಕೆ ಆಯೋಗದ ಕರ್ತವ್ಯವಾದರೆ, ಕರೆತರುವುದು ಸಮಾಜದ ಕರ್ತವ್ಯ.

ಮಾಸ್ತರು: ಸಮಾಜವೆಂದರೆ ಬೇರೆ ಯಾರೂ ಅಲ್ಲ, ನಾವೇ. ಮುಂಬಯಿಯ ಕನ್ನಡ ಸಂಘಗಳು ಸನ್ಮಾನಕ್ಕೂ ವಾರ್ಷಿಕೋತ್ಸವಕ್ಕೂ ವೆಚ್ಚ ಮಾಡುವುದರಲ್ಲಿ ಹಿಂದೆ ಬಿದ್ದಿಲ್ಲ. ಆ ವೆಚ್ಚದ ಒಂದು ಪಾಲನ್ನು ತೆಗೆದಿಟ್ಟು, ಒಂದು ವಾಚನಾಲಯ, ಓದಲು ಒಂದು ಶಾಂತವಾದ ಕೋಣೆ, ಬಡ ಮನೆಯ ನಾಲ್ಕು ಮಕ್ಕಳಿಗೆ ಪುಸ್ತಕದ ಮತ್ತು ಶುಲ್ಕದ ಸಹಾಯ, ಇಷ್ಟನ್ನು ಮಾಡಲಿ. ಒಂದೇ ಕೋಣೆಯ ಚಾಳಿನಲ್ಲಿ ಆರು ಜನರ ನಡುವೆ ಓದುವ ಹುಡುಗನಿಗೆ ಆ ಕೋಣೆಯೇ ಅರ್ಧ ಪರೀಕ್ಷೆ ಗೆದ್ದಂತೆ. ನಿಮ್ಮಂಥ ನಿವೃತ್ತರು ಭಾನುವಾರಗಳಲ್ಲಿ ಬಂದು ಪಾಠ ಹೇಳಲಿ.

ರಾಯರು: ಆಡಳಿತದ ಚರಿತ್ರೆಯ ಪಾಠ ನನ್ನದು. ನೀವು?

ಮಾಸ್ತರು: ಕನ್ನಡ ಪತ್ರಿಕೆಯನ್ನು ನಾನು ಹೇಳಿಕೊಡುತ್ತೇನೆ. ಸಂಘದ ಕಾರ್ಯದರ್ಶಿಗೆ ನಾಳೆಯೇ ಒಂದು ಪತ್ರ ಬರೆಯೋಣ. ಇಬ್ಬರೂ ರುಜು ಹಾಕೋಣ.